ಶಾಲು ಹಾರ ಇಲ್ಲದ ಸೆಮಿನಾರ್: ನಿಮ್ಮ ವಿಭಾಗದಲ್ಲಿ ಶುರು ಮಾಡೋದು ಹೇಗೆ, ನಡೆಸೋದು ಹೇಗೆ, ಪೇಪರ್ ಇಡೋದು ಹೇಗೆ

ನಾನು ಪಿಎಚ್‌ಡಿಗೆ ಸೇರಿದ ವರ್ಷ ನಮ್ಮ ವಿಭಾಗದಲ್ಲಿ ಒಂದು ಸೆಮಿನಾರ್ ಇತ್ತು. ಹನ್ನೊಂದಕ್ಕೆ ಅಂತ ಇನ್ವಿಟೇಶನ್, ಮುಖ್ಯ ಅತಿಥಿ ಬಂದಿದ್ದು ಹನ್ನೊಂದು ನಲವತ್ತಕ್ಕೆ, ಆಮೇಲೆ ನಾಡಗೀತೆ, ಸ್ವಾಗತ, ಗಿಡಕ್ಕೆ ನೀರು ಹಾಕಿ ಉದ್ಘಾಟನೆ, ಶಾಲು, ಹಣ್ಣಿನ ಬುಟ್ಟಿ, ಪ್ರಾಸ್ತಾವಿಕ ನುಡಿ, ಅಧ್ಯಕ್ಷರ ನುಡಿ, ಊಟ. ಊಟ ಆದ್ಮೇಲೆ ನಮ್ಮಂಥ ಏಳು ಜನ ಸಂಶೋಧಕರಿಗೆ ತಲಾ ಎಂಟು ನಿಮಿಷ. ನಾನು ಆರು ತಿಂಗಳು ಒದ್ದಾಡಿ ಬರೆದಿದ್ದನ್ನ ರೈಲು ಓಡಿಸಿದ ಹಾಗೆ ಓದಿ ಮುಗಿಸಿದೆ, ಒಬ್ಬರು ಎದ್ದು "ಶೀರ್ಷಿಕೆ ಚೆನ್ನಾಗಿದೆ, ಇನ್ನೂ ಆಳವಾಗಿ ಹೋಗಬಹುದಿತ್ತು" ಅಂದ್ರು, ಸರ್ಟಿಫಿಕೇಟ್ ಕೊಟ್ರು, ಮುಗೀತು. ಎಲ್ಲಿ ಆಳವಾಗಿ ಹೋಗಬೇಕಿತ್ತು ಅಂತ ಇವತ್ತಿಗೂ ಗೊತ್ತಿಲ್ಲ.

ಅದಾದ ಮೇಲೆ ನಾವು ನಾಲ್ಕೈದು ಜನ ಸೇರಿ ಹದಿನೈದು ದಿನಕ್ಕೊಂದು ಸಣ್ಣ ಸೆಮಿನಾರ್ ಶುರು ಮಾಡಿದ್ವಿ, ಎರಡು ವರ್ಷ ಅದರ ಉಸ್ತುವಾರಿ ನನ್ನ ತಲೆ ಮೇಲಿತ್ತು. ಕನ್ನಡ, ಇತಿಹಾಸ, ಜಾನಪದ, ಭಾಷಾಶಾಸ್ತ್ರ ಯಾವ ವಿಭಾಗದವರಾದ್ರೂ ಸರಿ, ಅಲ್ಲಿ ಕಲಿತಿದ್ದು ನಿಮಗೂ ಉಪಯೋಗಕ್ಕೆ ಬರಬಹುದು ಅಂತ ಇದನ್ನ ಬರೀತಾ ಇದೀನಿ.

ಮೊದಲು ಯಾವ ಸೆಮಿನಾರ್ ಅಂತ ಸ್ಪಷ್ಟ ಮಾಡ್ಕೊಳ್ಳಿ

ನಮ್ಮಲ್ಲಿ ಸೆಮಿನಾರ್ ಅನ್ನೋ ಒಂದೇ ಪದಕ್ಕೆ ಮೂರು ಅರ್ಥ ಇದೆ. ಒಂದು, ರಾಷ್ಟ್ರೀಯ ವಿಚಾರ ಸಂಕಿರಣ, ಅಂದ್ರೆ ಬ್ಯಾನರ್, ಬ್ಯಾಗು, ಸರ್ಟಿಫಿಕೇಟ್. ಇದು ಇಷ್ಟೊಂದು ಬೆಳೆಯೋಕೆ ಒಂದು ಕಾರಣ ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡೋ ಯುಜಿಸಿಯ 2016ರ ನಿಯಮ, ಥೀಸಿಸ್ ಸಲ್ಲಿಸೋ ಮುಂಚೆ ಒಂದು ಜರ್ನಲ್ ಲೇಖನ, ಎರಡು ಸೆಮಿನಾರ್ ಮಂಡನೆ ಇರಲೇಬೇಕು ಅಂತ ಅದರಲ್ಲಿತ್ತು, 2022ರ ನಿಯಮದಲ್ಲಿ ಆ ಕಡ್ಡಾಯ ತೆಗೆದ್ರು, ಅಭ್ಯಾಸ ಮಾತ್ರ ಹಾಗೇ ಉಳ್ಕೊಂಡಿದೆ. ಎರಡನೇದು, ಪ್ರತಿ ಸೆಮಿಸ್ಟರ್ ರಿಸರ್ಚ್ ಅಡ್ವೈಸರಿ ಕಮಿಟಿ ಮುಂದೆ ನೀವು ಕೊಡೋ ಪ್ರಗತಿ ವರದಿ, ಅದು ಒಂಥರಾ ಪರೀಕ್ಷೆ, ಅಲ್ಲಿ ಯಾರೂ ತನ್ನ ತಪ್ಪು ತಾನೇ ತೋರಿಸಲ್ಲ. ಮೂರನೇದು, ಅರ್ಧ ಬೆಂದ ಅಧ್ಯಾಯ ತಗೊಂಡು ಬಂದು ಹತ್ತು ಜನರ ಮುಂದೆ ಇಟ್ಟು "ಇಲ್ಲಿ ಸಿಕ್ಕಾಕೊಂಡಿದೀನಿ, ನೋಡಿ" ಅನ್ನೋದು. ನಾನು ಹೇಳ್ತಿರೋದು ಈ ಮೂರನೇದರ ಬಗ್ಗೆ.

ಅಂದಹಾಗೆ ಸೆಮಿನಾರ್ ಪದದ ಮೂಲ ಲ್ಯಾಟಿನ್‌ನಲ್ಲಿ ಬೀಜ ಬಿತ್ತಿ ಸಸಿ ಬೆಳೆಸೋ ಜಾಗ, ನಮ್ಮ ಕಡೆ ಭಾಷೇಲಿ ಒಟ್ಲು. 19ನೇ ಶತಮಾನದ ಬರ್ಲಿನ್‌ನಲ್ಲಿ ಇತಿಹಾಸಕಾರ ರಾಂಕೆ ಕೆಲವೇ ವಿದ್ಯಾರ್ಥಿಗಳನ್ನ ಮನೆಗೇ ಕರೆಸಿ ಮೂಲ ದಾಖಲೆ ಮುಂದಿಟ್ಟು ಪ್ರಶ್ನೆ ಮಾಡಿಸ್ತಿದ್ದ, ಈಗಿನ ಸೆಮಿನಾರ್ ಪದ್ಧತಿ ಬಹಳಷ್ಟು ಅಲ್ಲಿಂದ ಹರಡಿದ್ದು. ಒಟ್ಲಿನಲ್ಲಿ ಯಾರೂ ಕಟಾವು ಮಾಡಲ್ಲ ಅಲ್ವಾ, ನಾವು ಮಾತ್ರ ಸೀದಾ ಕಟಾವಿಗೆ ಕುಡುಗೋಲು ಹಿಡ್ಕೊಂಡು ಬಂದುಬಿಡ್ತೀವಿ.

ಅನುಮತಿ, ಜಾಗ, ದಿನ

ವಿಭಾಗದ ಮುಖ್ಯಸ್ಥರಿಗೆ ಅರ್ಧ ಪುಟದ ಪತ್ರ ಕೊಡಿ. ಅದರಲ್ಲಿ ದುಡ್ಡು ಕೇಳಬೇಡಿ, ಇದು ಮುಖ್ಯ. ದುಡ್ಡು ಕೇಳಿದ ತಕ್ಷಣ ಫೈಲು ಓಡಾಡೋಕೆ ಶುರು ಆಗುತ್ತೆ, ಬಿಲ್ಲು, ಕೊಟೇಶನ್ನು, ಆಮೇಲೆ ದುಡ್ಡು ಬಂತು ಅಂದ್ರೆ ಮುಖ್ಯ ಅತಿಥಿನೂ ಬರ್ತಾರೆ. ಒಂದು ರೂಮು, ಹದಿನೈದು ದಿನಕ್ಕೊಮ್ಮೆ ಒಂದೂವರೆ ಗಂಟೆ, ಅಷ್ಟೇ ಕೇಳಿ. ಟೀ ಖರ್ಚು ಕೈಯಿಂದ ಹಾಕ್ಕೊಳ್ಳಿ, ಇಲ್ಲಾ ಸರದಿ ಮೇಲೆ ಒಬ್ಬೊಬ್ಬರು ತರಲಿ.

ಸ್ಟೇಜ್ ಇರೋ ಹಾಲ್ ಬೇಡ. ಸ್ಟೇಜ್ ಇದ್ರೆ ಮೈಕ್ ಬೇಕು ಅನ್ಸುತ್ತೆ, ಮೈಕ್ ಇದ್ರೆ ಭಾಷಣ ಶುರು ಆಗುತ್ತೆ. ಎಂಎ ಕ್ಲಾಸ್‌ರೂಮ್‌ನಲ್ಲಿ ಡೆಸ್ಕುಗಳನ್ನ ಚೌಕಕ್ಕೆ ಎಳ್ಕೊಳ್ಳಿ, ಮುಗಿದ ಮೇಲೆ ವಾಪಸ್ ಜೋಡಿಸಿ, ಇಲ್ಲಾಂದ್ರೆ ಅಟೆಂಡರ್ ಮುಂದಿನ ಸಲ ಬೀಗದ ಕೈ ಕೊಡಲ್ಲ. ದಿನ ಗುರುವಾರ ಇಲ್ಲಾ ಬುಧವಾರ ಮಧ್ಯಾಹ್ನ ಮೂರು ಗಂಟೆ ಚೆನ್ನಾಗಿ ಕೆಲಸ ಮಾಡ್ತು ನಮಗೆ, ಶನಿವಾರ ಊರಿಗೆ ಹೋಗೋರು ಜಾಸ್ತಿ, ಸೋಮವಾರ ಊರಿಂದ ಇನ್ನೂ ಬಂದಿರಲ್ಲ. ಇಂಟರ್ನಲ್ ಟೆಸ್ಟ್, ವ್ಯಾಲ್ಯುವೇಶನ್, ದಸರಾ ರಜೆ, ನೆಟ್ ಪರೀಕ್ಷೆ ಹತ್ತಿರ ಇರೋ ವಾರಗಳು ಇವನ್ನೆಲ್ಲ ಕಳೆದ್ರೆ ಒಂದು ಸೆಮಿಸ್ಟರ್‌ಗೆ ಆರು ಸೆಮಿನಾರ್ ಸಿಗುತ್ತೆ, ಆರೇ ಇಡಿ. ಹನ್ನೆರಡು ಇಟ್ಟು ನಾಲ್ಕು ಕ್ಯಾನ್ಸಲ್ ಆದ್ರೆ ಜನ ನಂಬಲ್ಲ.

ಆರೂ ದಿನಾಂಕ, ಆರೂ ಹೆಸರು ಮೊದಲ ವಾರವೇ ಗೋಡೆಗೆ ಅಂಟಿಸಿ. ಮೊದಲ ಪೇಪರ್ ನೀವೇ ಇಡಿ. ಬೇರೆಯವರಿಗೆ ಅರ್ಧಂಬರ್ಧ ತರೋ ಧೈರ್ಯ ಬರೋದು ನಿಮ್ಮ ಅರ್ಧಂಬರ್ಧ ನೋಡಿದ ಮೇಲೆನೇ.

ಯಾರನ್ನ ಕರೀಬೇಕು

ಎಂಟರಿಂದ ಹದಿನೈದು ಜನ ಸಾಕು. ಸಂಶೋಧಕರು, ಆಸಕ್ತಿ ಇರೋ ಮೇಷ್ಟ್ರು, ಎರಡನೇ ವರ್ಷದ ಎಂಎ ಮಕ್ಕಳು ಮೂರ್ನಾಲ್ಕು ಜನ, ಪಕ್ಕದ ವಿಭಾಗದೋರು ಒಬ್ಬರಿಬ್ಬರು. ಪಕ್ಕದ ವಿಭಾಗದೋರು ಇರಲೇಬೇಕು ಅಂತ ನನ್ನ ಹಠ, ಯಾಕಂದ್ರೆ ನಾವು ಸಾಹಿತ್ಯದೋರು ಒಬ್ಬರಿಗೊಬ್ಬರು ಅರ್ಥ ಆದ ಹಾಗೆ ತಲೆ ಆಡಿಸ್ತೀವಿ, ಇತಿಹಾಸದ ಹುಡುಗಿ ಒಬ್ಬಳು "ಅನನ್ಯತೆ ಅಂದ್ರೆ ಇಲ್ಲಿ ಏನು ಹೇಳ್ತಿದೀರ" ಅಂತ ಸುಮ್ಮನೆ ಕೇಳಿದಾಗ ರೂಮಿನಲ್ಲಿ ಯಾರ ಹತ್ರನೂ ಉತ್ತರ ಇರಲಿಲ್ಲ. ಮನ್ನಣೆಗೋಸ್ಕರ ದೊಡ್ಡ ಹೆಸರಿನೋರನ್ನ ಮೊದಲ ಸೆಮಿಸ್ಟರ್ ಕರೀಬೇಡಿ, ಬಂದ್ರೆ ಅವರೇ ಮಾತಾಡ್ತಾರೆ.

ಪೇಪರ್: ಇಲ್ಲೇ ಮುಕ್ಕಾಲು ಕೆಲಸ

ಈ ಭಾಗ ಸ್ವಲ್ಪ ಉದ್ದ ಆಗುತ್ತೆ, ಸಹಿಸ್ಕೊಳ್ಳಿ.

ಶೀರ್ಷಿಕೆಯಿಂದ ಶುರು ಮಾಡೋಣ. ನಮ್ಮಲ್ಲಿ "ಒಂದು ಅಧ್ಯಯನ" ಅನ್ನೋ ರೋಗ ಇದೆ. "ವೀರಗಲ್ಲುಗಳು: ಒಂದು ಅಧ್ಯಯನ", "ಜಾತ್ರೆಗಳು: ಒಂದು ಸಾಂಸ್ಕೃತಿಕ ಅಧ್ಯಯನ". ಇಂಥ ಪೇಪರ್‌ಗೆ ಯಾರೂ ಪ್ರಶ್ನೆ ಕೇಳೋಕಾಗಲ್ಲ, ಯಾಕಂದ್ರೆ ಬರೆದೋರಿಗೇ ಪ್ರಶ್ನೆ ಇಲ್ಲ. ಸೆಮಿನಾರ್‌ಗೆ ತರೋ ಪೇಪರ್‌ನಲ್ಲಿ ಪ್ರಶ್ನಾರ್ಥಕ ಚಿಹ್ನೆ ಬರೋ ಒಂದು ವಾಕ್ಯ ಮೊದಲ ಪುಟದಲ್ಲೇ ಇರಬೇಕು.

ನನ್ನ ಜೊತೆಗಾರ ಒಬ್ಬ ವೀರಗಲ್ಲುಗಳ ಮೇಲೆ ಕೆಲಸ ಮಾಡ್ತಿದ್ದ. ಮೊದಲ ಡ್ರಾಫ್ಟ್‌ನಲ್ಲಿ ಇದ್ದಿದ್ದೆಲ್ಲ ನಮಗೆ ಗೊತ್ತಿರೋದೇ, ಕೆಳಗಿನ ಪಟ್ಟಿಯಲ್ಲಿ ಕಾಳಗ, ಮಧ್ಯದಲ್ಲಿ ಅಪ್ಸರೆಯರು ವೀರನನ್ನ ಎತ್ಕೊಂಡು ಹೋಗೋದು, ಮೇಲೆ ಲಿಂಗದ ಮುಂದೆ ಕೂತಿರೋದು, ಶಾಸನದಲ್ಲಿ ತುರುಗೋಳ್ (ಅಂದ್ರೆ ದನ ಹಿಡಿಯೋ) ಕಾಳಗದಲ್ಲಿ ಸತ್ತು ಸುರಲೋಕಪ್ರಾಪ್ತನಾದಂ ಅಂತ ಬರೋದು. ಇಪ್ಪತ್ತೆರಡು ಪುಟ. ಚಹಾ ಕುಡೀತಾ "ಇಷ್ಟು ಕಲ್ಲು ನೋಡಿದೀಯಲ್ಲ, ಏನು ಅರ್ಥ ಆಗಲಿಲ್ಲ ನಿಂಗೆ" ಅಂತ ಕೇಳಿದ್ರೆ, "ಕೆಲವು ಕಡೆ ಕಲ್ಲು ನಿಲ್ಲಿಸಿದೋರು ಯಾರು ಅಂತ ಹೆಸರು ಹಾಕ್ತಾರೆ, ಹೆಂಡ್ತಿ, ತಮ್ಮ, ಮಗ ಅಂತ, ಕೆಲವು ಕಡೆ ಹಾಕಲ್ಲ, ಯಾಕೆ ಅಂತ ಗೊತ್ತಾಗ್ತಿಲ್ಲ" ಅಂದ. ಅದೇ ಪೇಪರ್! ಇಪ್ಪತ್ತೆರಡು ಪುಟದಲ್ಲಿ ಆ ಮಾತು ಒಂದು ಅಡಿಟಿಪ್ಪಣಿಯಲ್ಲೂ ಇರಲಿಲ್ಲ. ಮುಂದಿನ ಡ್ರಾಫ್ಟ್ ಹನ್ನೆರಡು ಪುಟ ಆಯ್ತು, ಒಂದೇ ತಾಲ್ಲೂಕಿನ ಕಲ್ಲುಗಳು, ಈ ಒಂದೇ ಪ್ರಶ್ನೆ.

ಹಾಗಾಗಿ ಅಳತೆ: ಹತ್ತರಿಂದ ಹದಿನೈದು ಪುಟ, ಸುಮಾರು 3,500ರಿಂದ 4,500 ಪದ. ಅದಕ್ಕಿಂತ ಜಾಸ್ತಿ ಕಳಿಸಿದ್ರೆ ಯಾರೂ ಓದಲ್ಲ, ಓದಿದೀವಿ ಅಂತ ಮಾತ್ರ ಹೇಳ್ತಾರೆ. ಪೀಠಿಕೆಯಲ್ಲಿ ಕವಿರಾಜಮಾರ್ಗದಿಂದ ಶುರು ಮಾಡಿ ಕನ್ನಡದ ಇಡೀ ಚರಿತ್ರೆ ಹೇಳೋದು ಬೇಡ, ಕೇಳೋರೆಲ್ಲ ಎಂಎ ಮಾಡಿದೋರೇ.

ಪೇಪರ್ ಸೆಮಿನಾರ್‌ಗೆ ಒಂದು ವಾರ ಮುಂಚೆ ಎಲ್ಲರಿಗೂ ತಲುಪಬೇಕು. ಇದೊಂದು ನಿಯಮ ಸಡಿಲ ಮಾಡಿದ್ರೆ ಮಿಕ್ಕಿದ್ದೆಲ್ಲ ಕುಸಿಯುತ್ತೆ. ನಾವು ಒಂದು ಸಲ "ಪಾಪ, ಫೀಲ್ಡ್‌ವರ್ಕ್‌ನಲ್ಲಿದ್ದ" ಅಂತ ಬಿಟ್ವಿ, ಹಿಂದಿನ ರಾತ್ರಿ ಹನ್ನೊಂದಕ್ಕೆ ಬಂತು ಪೇಪರ್, ಮಾರನೇ ದಿನ ಅವನು ಓದಿದ, ನಾವು ಕೇಳಿಸ್ಕೊಂಡ್ವಿ, ಹಳೇ ಸೆಮಿನಾರೇ ಆಯ್ತು. ಆಮೇಲಿಂದ ವಾರ ಮುಂಚೆ ಬರಲಿಲ್ಲ ಅಂದ್ರೆ ಆ ದಿನ ಪೇಪರ್ ಇಲ್ಲ, ಬದಲಿಗೆ ಏನು ಮಾಡಬೇಕು ಅಂತ ಕೆಳಗೆ ಹೇಳ್ತೀನಿ.

ಫೈಲ್ ಕಳಿಸೋವಾಗ ಯುನಿಕೋಡ್‌ನಲ್ಲಿ ಕಳಿಸಿ, ದಮ್ಮಯ್ಯ. ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿಸಿದ ವರ್ಡ್ ಫೈಲ್ ಮೊಬೈಲ್‌ನಲ್ಲಿ ತೆಗೆದ್ರೆ ಇಂಗ್ಲಿಷ್ ಅಕ್ಷರ, ಬ್ರಾಕೆಟ್ಟು, ಡಾಲರ್ ಚಿಹ್ನೆ ಕಲಸಿ ಹಾಕಿದ ಹಾಗೆ ಕಾಣುತ್ತೆ. ಪರಿವರ್ತಕ ತಂತ್ರಾಂಶದಲ್ಲಿ ಹಾಕಿ ಬದಲಾಯಿಸಬಹುದು, ಆದ್ರೆ ಆಮೇಲೆ ಒಂದು ಸಲ ಕಣ್ಣಾಡಿಸಿ, ಅರ್ಕಾವತ್ತು, ಒತ್ತಕ್ಷರ ಅಲ್ಲಲ್ಲಿ ಕೆಟ್ಟಿರುತ್ತೆ, ಹಳಗನ್ನಡದ ಱ ೞ ಇದ್ರಂತೂ ಒಂದೊಂದೇ ನೋಡಿ ತಿದ್ದಬೇಕು. ಕೊನೆಗೆ ಪಿಡಿಎಫ್ ಮಾಡಿ ಪುಟ ಸಂಖ್ಯೆ ಹಾಕಿ. ಪುಟ ಸಂಖ್ಯೆ ಇಲ್ಲದ ಪೇಪರ್ ಇಟ್ಕೊಂಡು "ಅದೇ, ಆ ಮಧ್ಯದಲ್ಲಿ ಒಂದು ಪ್ಯಾರಾ ಇದೆಯಲ್ಲ" ಅಂತ ಹುಡುಕೋದ್ರಲ್ಲೇ ಹತ್ತು ನಿಮಿಷ ಹೋಗುತ್ತೆ.

ಪೇಪರ್ ಮೇಲೆ ನಾಲ್ಕು ಸಾಲಿನ ಟಿಪ್ಪಣಿ ಅಂಟಿಸಿ: ಇದು ಥೀಸಿಸ್‌ನ ಎಷ್ಟನೇ ಅಧ್ಯಾಯ, ಯಾವ ಭಾಗ ಗಟ್ಟಿ ಅನ್ಸುತ್ತೆ, ಎಲ್ಲಿ ಸಿಕ್ಕಾಕೊಂಡಿದೀನಿ, ಟೈಮಿಲ್ಲದೋರು ಯಾವ ಮೂರು ಪುಟ ಓದಿದ್ರೆ ಸಾಕು. ಈ ಕೊನೇ ಸಾಲು ನೋಡಿ ಕೆಲವರು ನಕ್ಕರು, ಆದ್ರೆ ಅದರಿಂದನೇ ಬಿಡುವಿಲ್ಲದ ಇಬ್ಬರು ಮೇಷ್ಟ್ರು ಓದಿ ಬರೋಕೆ ಶುರು ಮಾಡಿದ್ದು.

"ನನ್ನ ವಿಷಯ ಯಾರಾದ್ರೂ ಕದ್ದುಬಿಟ್ರೆ?" ಈ ಭಯ ಸುಳ್ಳಲ್ಲ, ಆಗುತ್ತೆ. ಪ್ರತಿ ಪುಟದ ಅಡಿಯಲ್ಲಿ ಹೆಸರು, ದಿನಾಂಕ, "ಕರಡು, ಅನುಮತಿ ಇಲ್ಲದೆ ಉಲ್ಲೇಖಿಸಬೇಡಿ" ಅಂತ ಹಾಕಿ, ವಾಟ್ಸಾಪ್‌ಗಿಂತ ಮೊದಲು ಎಲ್ಲರಿಗೂ ಒಂದೇ ಇಮೇಲ್‌ನಲ್ಲಿ ಕಳಿಸಿ, ಯಾವತ್ತು ಕಳಿಸಿದ್ದು ಅನ್ನೋದಕ್ಕೆ ದಾಖಲೆ ಇರುತ್ತೆ. ನನ್ನ ಅನುಭವದಲ್ಲಿ ಹದಿನೈದು ಜನಕ್ಕೆ ಗೊತ್ತಿರೋ ವಿಷಯ ಕದಿಯೋದು ಯಾರಿಗೂ ಗೊತ್ತಿಲ್ಲದ ವಿಷಯ ಕದಿಯೋದಕ್ಕಿಂತ ಕಷ್ಟ.

ಚರ್ಚಕ ಅನ್ನೋ ಒಬ್ಬ ಮನುಷ್ಯ

ಪ್ರತಿ ಪೇಪರ್‌ಗೆ ಒಬ್ಬ ಚರ್ಚಕ ಇರಲಿ, ಅಂದ್ರೆ ಪೂರ್ತಿ ಓದಿ ಮೊದಲು ಮಾತಾಡೋ ಜವಾಬ್ದಾರಿ ಇರೋರು. ಗೈಡ್ ಆಗಬಾರದು, ಅದೇ ಗೈಡ್‌ನ ಇನ್ನೊಬ್ಬ ವಿದ್ಯಾರ್ಥಿನೂ ಬೇಡ. ಸರದಿ ಮೇಲೆ ಸಂಶೋಧಕರೇ ಮಾಡಲಿ.

ಚರ್ಚಕ ಮಾಡಬೇಕಾದ್ದು ಮೂರೇ. ಲೇಖಕ ಏನು ಹೇಳ್ತಿದಾನೆ ಅಂತ ಎರಡು ನಿಮಿಷದಲ್ಲಿ ತನ್ನ ಮಾತಲ್ಲಿ ಹೇಳೋದು, ಇಲ್ಲೇ ಎಷ್ಟೋ ಸಲ ಬರೆದೋರು "ಅಯ್ಯೋ ನಾನು ಹಾಗೆ ಹೇಳಿಲ್ಲ" ಅಂತಾರೆ, ಆಗ ಬರವಣಿಗೆಯಲ್ಲಿ ಎಲ್ಲಿ ಜಾರಿದೆ ಅಂತ ಸಿಕ್ಕಿಬಿಡುತ್ತೆ. ಆಮೇಲೆ ಒಂದೇ ಒಂದು ಪುಟ ಹಿಡಿದು ಅದರ ಆಧಾರ ಜಗ್ಗಿ ನೋಡೋದು. ಕೊನೆಗೆ ಒಂದು ಪ್ರಶ್ನೆ ಕೇಳಿ ಬಿಡೋದು.

ಜಗ್ಗಿ ನೋಡೋದು ಅಂದ್ರೆ ಹೇಗೆ? ಅದೇ ವೀರಗಲ್ಲಿನ ಪೇಪರ್‌ಗೆ ಚರ್ಚಕಿಯಾಗಿದ್ದೋಳು ಆರನೇ ಪುಟದ ಒಂದು ಅಡಿಟಿಪ್ಪಣಿ ಹಿಡಿದ್ಲು. "ಎಪಿಗ್ರಾಫಿಯಾ ಕರ್ನಾಟಿಕಾ, ಸಂಪುಟ 7" ಅಂತ ಮಾತ್ರ ಇತ್ತು, ಅಂದ್ರೆ ಜಿಲ್ಲಾವಾರು ಶಾಸನ ಸಂಪುಟಗಳ ಸರಣಿ. ಯಾವ 7? ಬಿ. ಎಲ್. ರೈಸ್ ತಂದ ಹಳೇ ಸರಣಿಯಲ್ಲಿ 7ನೇ ಸಂಪುಟ ಶಿವಮೊಗ್ಗ ಜಿಲ್ಲೆದು, ಮೈಸೂರು ವಿಶ್ವವಿದ್ಯಾಲಯ ಆಮೇಲೆ ತಂದ ಪರಿಷ್ಕೃತ ಸರಣಿಯಲ್ಲಿ 7ನೇದು ಮಂಡ್ಯ ಜಿಲ್ಲೆದು. ಅವನು ಎರಡೂ ಸರಣಿಯಿಂದ ಶಾಸನ ತಗೊಂಡಿದ್ದ, ಯಾವುದು ಯಾವ ಸರಣಿದು ಅಂತ ಬೇರೆ ಮಾಡಿರಲಿಲ್ಲ, ಶಾಸನ ಸಂಖ್ಯೆಗಳೂ ಬೇರೆ ಬೇರೆ. ಒಂದು ಕಲ್ಲನ್ನಂತೂ ಎರಡು ಸಂಖ್ಯೆಯಲ್ಲಿ ಎರಡು ಸಲ ಲೆಕ್ಕ ಹಾಕಿದ್ದ! ಅವನ ಕೋಷ್ಟಕ ಎಲ್ಲ ತಿದ್ದಬೇಕಾಯ್ತು, ಮುಖ ಸಣ್ಣ ಮಾಡ್ಕೊಂಡ, ಆದ್ರೆ ಯೋಚನೆ ಮಾಡಿ, ಇದು ವೈವಾದಲ್ಲಿ, ಅಂದ್ರೆ ಥೀಸಿಸ್‌ನ ಮೌಖಿಕ ಪರೀಕ್ಷೆಯಲ್ಲಿ, ಹೊರಗಿನ ಪರೀಕ್ಷಕರ ಕಣ್ಣಿಗೆ ಬಿದ್ದಿದ್ರೆ?

ಆ ಒಂದೂವರೆ ಗಂಟೆ

ಮಂಡಿಸೋರಿಗೆ ಹದಿನೈದು ನಿಮಿಷ, ಚರ್ಚಕರಿಗೆ ಹತ್ತು, ಮಿಕ್ಕಿದ್ದು ಪೂರ್ತಿ ಚರ್ಚೆಗೆ. ಸ್ವಾಗತ ಇಲ್ಲ, ಪರಿಚಯ ಇಲ್ಲ, ವಂದನಾರ್ಪಣೆ ಇಲ್ಲ. ಮೊದಲ ಸಲ ಒಬ್ಬರು ಹಿರಿಯರು "ಒಂದು ಹೂವಾದ್ರೂ ಕೊಡ್ರಪ್ಪ" ಅಂದ್ರು, ಟೀ ಜೊತೆ ಬೋಂಡ ಕೊಟ್ವಿ, ಸುಮ್ಮನಾದ್ರು.

ಮಂಡಿಸೋರು ಪೇಪರ್ ಓದಬಾರದು, ಎಲ್ಲರೂ ಓದಿದಾರಲ್ಲ. ಈ ಪ್ರಶ್ನೆ ಹೇಗೆ ಬಂತು, ಬರೆದ ಮೇಲೆ ಏನು ಬದಲಾಯ್ತು, ಈಗ ಯಾವುದು ಕಾಡ್ತಿದೆ ಅಂತ ಮಾತಾಡಿ. ಪಿಪಿಟಿ ಬೇಕಿಲ್ಲ, ಅದರ ಬದಲು ಮೂಲ ಪಠ್ಯದ ತುಣುಕುಗಳನ್ನ ಒಂದು ಹಾಳೆಯಲ್ಲಿ ಜೆರಾಕ್ಸ್ ಮಾಡಿ ಕೈಗೆ ಕೊಡಿ. ಹಳಗನ್ನಡದ ಪದ್ಯ ಇದ್ರೆ ಜೋರಾಗಿ ಒಂದು ಸಲ ಓದಿ, ಪದ ಬಿಡಿಸಿ ಇನ್ನೊಂದು ಸಲ ಓದಿ. ನೀವು ಎಲ್ಲಿ ಪದ ಬಿಡಿಸ್ತೀರ ಅನ್ನೋದ್ರಲ್ಲೇ ನಿಮ್ಮ ವಾದ ಇರುತ್ತೆ, ಅಲ್ಲೇ ಯಾರಾದ್ರೂ ತಡೀತಾರೆ, ತಡೀಲಿ ಬಿಡಿ.

ಇನ್ನು ಅಧ್ಯಕ್ಷತೆ ವಹಿಸೋರ ಕೆಲಸ ಗಡಿಯಾರ ನೋಡೋದು ಮತ್ತೆ ಬಾಯಿ ಕಾಯೋದು. ನಮ್ಮಲ್ಲಿ ಮೂರು ಥರದ ಮಾತುಗಾರರು ಇರ್ತಾರೆ. "ನಂದು ಪ್ರಶ್ನೆ ಅಲ್ಲ, ಒಂದು ಅನಿಸಿಕೆ" ಅಂತ ಹನ್ನೆರಡು ನಿಮಿಷ ಮಾತಾಡೋರು, ಅವರಿಗೆ "ಸರ್, ಇದು ಪೇಪರ್‌ನ ಯಾವ ಪುಟಕ್ಕೆ ಸೇರುತ್ತೆ" ಅಂತ ಮೆತ್ತಗೆ ಕೇಳಿ, ಕೆಲಸ ಮಾಡುತ್ತೆ. ಎರಡನೇದು, "ನೀವು ಇಂಥೋರನ್ನ ಓದಿದೀರಾ" ಅಂತ ಹೆಸರುಗಳ ಪಟ್ಟಿ ಒಗೆಯೋರು, ಅವರಿಗೆ "ಅದರಿಂದ ಈ ವಾದ ಹೇಗೆ ಬದಲಾಗುತ್ತೆ ಮೇಡಂ" ಅನ್ನಿ. ಮೂರನೇದು ಕಷ್ಟ, ವಿದ್ಯಾರ್ಥಿಗೆ ಕೇಳಿದ ಪ್ರಶ್ನೆಗೆ ಗೈಡೇ ಉತ್ತರ ಕೊಡೋದು. ಪ್ರೀತಿಯಿಂದಲೇ ಮಾಡ್ತಾರೆ, ತಮ್ಮ ಮರ್ಯಾದೆ ಪ್ರಶ್ನೆ ಅಂತಲೂ ಮಾಡ್ತಾರೆ, ಇಬ್ಬರು ಗೈಡ್‌ಗಳ ಮಧ್ಯೆ ಹಳೇ ಲೆಕ್ಕ ಇದ್ರೆ ಪಾಪದ ವಿದ್ಯಾರ್ಥಿ ಮಧ್ಯದಲ್ಲಿ ಅಪ್ಪಚ್ಚಿ. ನಾವು ಒಂದು ನಿಯಮ ಮಾಡಿದ್ವಿ, ಮೊದಲ ಅರ್ಧ ಗಂಟೆ ವಿದ್ಯಾರ್ಥಿಗಳು, ಸಂಶೋಧಕರು ಮಾತ್ರ ಕೇಳಬೇಕು, ಗೈಡ್ ಕೊನೆಗೆ. ಇದನ್ನ ಮೊದಲ ದಿನವೇ ಮುಖ್ಯಸ್ಥರ ಬಾಯಲ್ಲಿ ಹೇಳಿಸಿ, ನೀವು ಹೇಳಿದ್ರೆ ಉದ್ಧಟತನ ಆಗುತ್ತೆ.

ಮೊದಲು ಸ್ವಲ್ಪ ಹೊತ್ತು ಯಾರೂ ಮಾತಾಡಲ್ಲ. ಭಯ ಬೀಳಬೇಡಿ, ಆ ಮೌನ ತುಂಬೋಕೆ ಹೋಗಬೇಡಿ, ಮನಸ್ಸಲ್ಲಿ ಇಪ್ಪತ್ತು ಎಣಿಸಿ. ಮೂಲೆಯಲ್ಲಿ ಕೂತ ಎಂಎ ಹುಡುಗನೇ ಬಾಯಿ ಬಿಡ್ತಾನೆ ನೋಡಿ.

ಉತ್ತರ ಕೊಡೋರಿಗೆ ಒಂದು ಮಾತು. ಪ್ರಶ್ನೆ ಕೇಳ್ತಿರುವಾಗಲೇ ತಲೆಯಲ್ಲಿ ಉತ್ತರ ಕಟ್ಟಬೇಡಿ, ಬರ್ಕೊಳ್ಳಿ. "ಗೊತ್ತಿಲ್ಲ, ನೋಡಿ ಹೇಳ್ತೀನಿ" ಪೂರ್ತಿ ಮರ್ಯಾದಸ್ಥ ಉತ್ತರ. ಆದ್ರೆ ಎಲ್ಲದಕ್ಕೂ "ಒಳ್ಳೇ ಸಲಹೆ, ಸೇರಿಸ್ಕೋತೀನಿ" ಅನ್ನೋದು ಸೋಮಾರಿತನ, ಒಪ್ಪಿಗೆ ಇಲ್ಲದಿದ್ರೆ ಜಗಳ ಆಡಿ, ಅದಕ್ಕೇ ಅಲ್ವಾ ಸೇರಿರೋದು. ನೀವು ಉತ್ತರ ಕೊಡೋ ಗಡಿಬಿಡಿಯಲ್ಲಿ ಬರ್ಕೊಳ್ಳೋಕಾಗಲ್ಲ, ಪಕ್ಕದಲ್ಲಿ ಗೆಳೆಯನನ್ನ ಕೂರಿಸಿ ಪ್ರಶ್ನೆಗಳನ್ನೆಲ್ಲ ಹೆಸರು ಸಮೇತ ಬರೆಸಿ. ರೆಕಾರ್ಡ್ ಮಾಡಬೇಡಿ, ಫೋನ್ ಕಂಡ ತಕ್ಷಣ ಜನ ವೇದಿಕೆ ಭಾಷೆಗೆ ಹೋಗ್ತಾರೆ.

ಮುಗಿದ ಮೇಲೆ

ಅದೇ ರಾತ್ರಿ ಅರ್ಧ ಪುಟ ಬರೀರಿ: ಏನು ಬದಲಾಯಿಸ್ತೀನಿ, ಏನು ಬದಲಾಯಿಸಲ್ಲ, ಯಾಕೆ. ಬೆಳಗ್ಗೆಗೆ ಬಿಟ್ರೆ ನೆನಪಲ್ಲಿ ಉಳಿಯೋದು ನೋಯಿಸಿದ ಮಾತು ಮಾತ್ರ. ಆ ಅರ್ಧ ಪುಟವನ್ನ ಗುಂಪಿಗೆ ಕಳಿಸಿ, ಕಮಿಟಿಗೆ ಪ್ರಗತಿ ವರದಿ ಬರೆಯೋವಾಗ ಅದೇ ಕೆಲಸಕ್ಕೆ ಬರುತ್ತೆ. ಯಾರಾದ್ರೂ ಕೊಟ್ಟ ಸುಳಿವಿನಿಂದ ವಾದ ತಿರುಗಿದ್ರೆ ಅಡಿಟಿಪ್ಪಣಿಯಲ್ಲಿ ಅವರ ಹೆಸರು ಹಾಕಿ, ಎಂಎ ಹುಡುಗ ಆದ್ರೂ ಸರಿ.

ಪೇಪರ್ ಇಲ್ಲದ ವಾರ

ಬಂದೇ ಬರುತ್ತೆ, ಸಾಮಾನ್ಯವಾಗಿ ಮೂರನೇ ಇಲ್ಲಾ ನಾಲ್ಕನೇ ಸಲ. ಕ್ಯಾನ್ಸಲ್ ಮಾಡಬೇಡಿ, ಒಂದು ಪುಟ ಮೂಲ ಪಠ್ಯ ತಂದು ಎಲ್ಲರೂ ಸೇರಿ ಓದಿ. ನಾವು ಹಳಗನ್ನಡದ ಜೈನ ಗದ್ಯಕೃತಿ ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಲ್ಲಿ ಒಂದರ ಮೊದಲ ಪ್ಯಾರಾ ತಗೊಂಡ್ವಿ, ಒಂದೂವರೆ ಗಂಟೆಯಲ್ಲಿ ಏಳು ವಾಕ್ಯ ದಾಟಲಿಲ್ಲ. ಒಂದು ಕ್ರಿಯಾಪದಕ್ಕೆ ಕಿಟೆಲ್ ನಿಘಂಟು ಒಂದು ಹೇಳುತ್ತೆ, ಸಾಹಿತ್ಯ ಪರಿಷತ್ತಿನ ನಿಘಂಟು ಇನ್ನೊಂದು, ಜೈನ ಪರಿಭಾಷೆ ಗೊತ್ತಿದ್ದ ಒಬ್ಬರು ಮೂರನೇದು. ಆ ದಿನ ಬಂದಿದ್ದು ಆರೇ ಜನ, ಎದ್ದು ಹೋಗೋಕೆ ಯಾರಿಗೂ ಮನಸ್ಸಿರಲಿಲ್ಲ, ಅಟೆಂಡರ್ ಬಂದು ಫ್ಯಾನ್ ಆಫ್ ಮಾಡಿದ ಮೇಲೆ ಕಾರಿಡಾರ್‌ನಲ್ಲಿ ನಿಂತು ಮುಂದುವರಿಸಿದ್ವಿ.

ಕೈ ಬದಲಾಯಿಸೋದು

ನೀವು ಥೀಸಿಸ್ ಕೊಟ್ಟು ಹೊರಟ್ರೆ ಇದು ನಿಲ್ಲುತ್ತೆ, ಬಹಳ ಕಡೆ ಹಾಗೇ ನಿಂತಿರೋದು. ಕೊನೇ ಸೆಮಿಸ್ಟರ್‌ಗೆ ಮುಂಚೆನೇ ಜೂನಿಯರ್ ಒಬ್ಬರನ್ನ ಜೊತೆಗೆ ಹಾಕ್ಕೊಳ್ಳಿ, ಇಮೇಲ್ ಪಟ್ಟಿ, ಹಳೇ ಪೇಪರ್‌ಗಳ ಫೋಲ್ಡರ್, ಒಂದು ರಿಜಿಸ್ಟರ್ ಇಷ್ಟು ಕೊಡಿ. ರಿಜಿಸ್ಟರ್‌ನಲ್ಲಿ ದಿನಾಂಕ, ಹೆಸರು, ಪ್ರಶ್ನೆ, ಬಂದವರ ಸಂಖ್ಯೆ. ಜೊತೆಗೆ ಟೀ ಅಂಗಡಿಯೋರ ಬಾಕಿ ಎಷ್ಟಿದೆ ಅಂತಲೂ ಬರೆದು ಕೊಡಿ, ನಾನು ಬರೀದೆ ಬಂದು ಆರು ತಿಂಗಳು ಫೋನ್ ಬರ್ತಿತ್ತು.